ಅಂಚಿನಲ್ಲಿ ಸಿಡಿಯುವ ತೋಟೆ ಮತ್ತು ಹುಲ್ಲುಗಾವಲಿನ ತೋಳ

ಕನ್ನಡದಲ್ಲಿ ನರಿಯುಂಟು, ಗುಳ್ಳೆನರಿಯುಂಟು, ತೋಳವುಂಟು. ಕೊಯೋಟಿಗೆ ಮಾತ್ರ ಹೆಸರಿಲ್ಲ. ಇರುವ ಅಗತ್ಯವೂ ಬಂದಿಲ್ಲ, ಏಕೆಂದರೆ ಅದು ಉತ್ತರ ಅಮೆರಿಕದ ಪ್ರಾಣಿ. ಮೆಕ್ಸಿಕೋದ ನಹುವಾಟಲ್ ಭಾಷೆಯ ‘ಕೊಯೋಟ್ಲ್’ ಎಂಬ ಪದ ಸ್ಪ್ಯಾನಿಷರ ಬಾಯಿಂದ ಇಂಗ್ಲಿಷಿಗೆ ದಾಟಿ ಕೊಯೋಟಿಯಾಯಿತು. 1804ರಲ್ಲಿ ಮಿಸೌರಿ ನದಿಯ ಜಾಡು ಹಿಡಿದು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಇದನ್ನು ‘ಹುಲ್ಲುಗಾವಲಿನ ತೋಳ’ ಎಂದು ಕರೆದರು. 1823ರಲ್ಲಿ ಥಾಮಸ್ ಸೇ ಎಂಬ ನಿಸರ್ಗ ವಿಜ್ಞಾನಿ ಇದಕ್ಕೆ ‘ಕ್ಯಾನಿಸ್ ಲೇಟ್ರಾನ್ಸ್’, ಅಂದರೆ ಬೊಗಳುವ ನಾಯಿ, ಎಂಬ ಶಾಸ್ತ್ರೀಯ ನಾಮವನ್ನಿತ್ತನು. ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಬಹಳ ಚಿಕ್ಕದು. ಹೆಚ್ಚಿನವು ಹತ್ತರಿಂದ ಹದಿನೈದು ಕಿಲೋಗ್ರಾಂ ತೂಗುತ್ತವೆ.

ಈ ನಡುವಣ ಗಾತ್ರವೇ ಬೇಟೆಯ ಇತಿಹಾಸದಲ್ಲಿ ಒಂದು ತೊಡಕನ್ನು ತಂದಿತು. ಜಿಂಕೆಗೆ ದೊಡ್ಡ ತೋಟೆ, ಅಳಿಲಿಗೂ ಮೊಲಕ್ಕೂ ಸಣ್ಣ ತೋಟೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೊಯೋಟಿಗೆ ಯಾವುದು? ಸಣ್ಣದು ಸಾಕೇ? ಈ ಪ್ರಶ್ನೆಗೆ ಅಮೆರಿಕದ ರೈತ, ಕುರಿಗಾಹಿ, ತೊಗಲಿನ ವ್ಯಾಪಾರಿ ಮತ್ತು ತೋಟೆಯ ಕಾರ್ಖಾನೆ ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. ಅವರ ಲೆಕ್ಕಾಚಾರಗಳಲ್ಲಿ ಹಣ, ಸದ್ದು, ತೊಗಲು ಎಲ್ಲವೂ ಇದ್ದವು. ಪ್ರಾಣಿಯ ಸಾವು ಹೇಗಿರಬೇಕು ಎಂಬ ಮಾತು ತಡವಾಗಿ ಬಂತು.

ನಮ್ಮಲ್ಲಿ ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ. ಸೇರಿದವರಿಗೆ .22 ರೈಫಲ್ ಪರಿಚಿತವೇ. ಕಿರುಬೆರಳಿನ ತುದಿಯಷ್ಟಿರುವ ಅದರ ತೋಟೆಯ ಮೂಲ ಪ್ಯಾರಿಸ್ಸಿನಲ್ಲಿದೆ. 1845ರಲ್ಲಿ ಲೂಯಿ ನಿಕೋಲಾಸ್ ಫ್ಲೋಬೆರ್ ಎಂಬಾತ ಕೇಪಿನ ಬಾಯಿಗೇ ಒಂದು ಪುಟ್ಟ ಸೀಸದ ಗುಂಡನ್ನು ಕೂರಿಸಿದನು. ಮದ್ದು ಬೇರೆ ಇಲ್ಲ. ಕೇಪಿನ ಸಿಡಿತವೇ ಗುಂಡನ್ನು ತಳ್ಳಬೇಕು. ಶ್ರೀಮಂತರು ಮನೆಯ ಹಜಾರದಲ್ಲಿ ಗುರಿಯಾಟ ಆಡಲೆಂದು ಹುಟ್ಟಿದ ವಸ್ತುವಿದು, ಬೇಟೆಗೆಂದಲ್ಲ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಸಂಸ್ಥೆ ಅದಕ್ಕೆ ಉದ್ದನೆಯ ಕವಚವನ್ನೂ ಚಿಟಿಕೆ ಕರಿಮದ್ದನ್ನೂ ಸೇರಿಸಿ ತನ್ನ ಪಿಸ್ತೂಲಿಗೆ ‘.22 ಶಾರ್ಟ್’ ಎಂಬ ತೋಟೆಯನ್ನು ತಂದಿತು. 1887ರಲ್ಲಿ ಸ್ಟೀವನ್ಸ್ ಸಂಸ್ಥೆ ರೂಪಿಸಿದ ‘.22 ಲಾಂಗ್ ರೈಫಲ್’ ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ತೋಟೆಗಳಲ್ಲಿ ಒಂದು.

ಇವೆಲ್ಲವೂ ‘ರಿಮ್‌ಫೈರ್’ ಜಾತಿಯವು. ಮಲೆನಾಡಿನ ಕೇಪಿನ ಕೋವಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಸಾಮಾನ್ಯ ತೋಟೆಯ ಬುಡದ ನಡುವೆ ಒಂದು ಕೇಪು ಇರುತ್ತದೆ. ರಿಮ್‌ಫೈರಿನಲ್ಲಿ ಆ ಸಿಡಿಮದ್ದನ್ನು ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ತುಂಬಿರುತ್ತಾರೆ. ಕೋವಿಯ ಮೊಳೆ ಆ ಅಂಚನ್ನು ಜಜ್ಜಿದಾಗ ಅದು ಸಿಡಿಯುತ್ತದೆ. ಅಂಚು ಜಜ್ಜಿಸಿಕೊಳ್ಳುವಷ್ಟು ತೆಳುವಾಗಿರಬೇಕು. ತೆಳುವಾದ ಲೋಹವಾದರೋ ಒಳಗಿನ ಒತ್ತಡವನ್ನು ಹೆಚ್ಚು ತಾಳದು. .22 ಲಾಂಗ್ ರೈಫಲಿನ ಒತ್ತಡದ ಮಿತಿ ಚದರ ಅಂಗುಲಕ್ಕೆ 24,000 ಪೌಂಡ್. ಅದೇ ಅಗಲದ ಗುಂಡನ್ನೇ ಹಾರಿಸುವ, ನಡುವೆ ಕೇಪುಳ್ಳ .223 ತೋಟೆಯದು 55,000. 1860ರ ಹೆನ್ರಿ ರೈಫಲಿನಂತಹ ದೊಡ್ಡ ಕೋವಿಗಳೂ ಒಮ್ಮೆ ರಿಮ್‌ಫೈರ್ ಆಗಿದ್ದವು. ಆದರೆ ಮದ್ದಿನ ಬಲ ಹೆಚ್ಚಿದಂತೆ ದೊಡ್ಡವು ಹಿಂದೆ ಸರಿದವು, ಚಿಕ್ಕವು ಮಾತ್ರ ಉಳಿದವು. ಅವನ್ನು ಉಳಿಸಿದ್ದು ಬಲವಲ್ಲ, ಅಗ್ಗದ ಬೆಲೆ.

ಹೀಗಾಗಿ ಪಶ್ಚಿಮದ ಬಯಲುಗಳಲ್ಲಿ ಕುರಿದೊಡ್ಡಿಯ ಬಳಿ ಕೊಯೋಟಿ ಕಂಡಾಗ ರೈತನ ಕೈಗೆ ಸಿಕ್ಕುತ್ತಿದ್ದುದು ಬಹುಮಟ್ಟಿಗೆ ಬಾಗಿಲ ಹಿಂದೆ ಒರಗಿಸಿಟ್ಟ .22. ಅದರ ಸದ್ದು ಕಡಿಮೆ, ದನಕರು ಬೆದರುವುದಿಲ್ಲ. ರಂಧ್ರ ಸಣ್ಣದು, ತೊಗಲು ಕೆಡುವುದಿಲ್ಲ. 1970ರ ದಶಕದಲ್ಲಿ ತುಪ್ಪಳದ ಬೆಲೆ ಏರಿದಾಗ ಈ ಕೊನೆಯ ಕಾರಣಕ್ಕೆ ಇನ್ನಷ್ಟು ತೂಕ ಬಂತು. ಆದರೆ 2.6 ಗ್ರಾಂ ತೂಕದ ಆ ಗುಂಡು ನಳಿಗೆಯಿಂದ ಹೊರಡುವಾಗಲೇ ಸೆಕೆಂಡಿಗೆ ಸುಮಾರು 370 ಮೀಟರ್ ವೇಗದ್ದು. ಶಕ್ತಿ 180 ಜೂಲ್ ಆಸುಪಾಸು. ಮೂವತ್ತು ನಲವತ್ತು ಮೀಟರಿನಲ್ಲಿ, ಪಕ್ಕಕ್ಕೆ ತಿರುಗಿ ನಿಂತ ಪ್ರಾಣಿಯ ಶ್ವಾಸಕೋಶಕ್ಕೋ ತಲೆಗೋ ನೇರ ತಗುಲಿದರೆ ಕೊಲ್ಲುತ್ತದೆ. ಗುರಿ ಒಂದು ಗೇಣು ಹಿಂದೆ ಸರಿದರೆ ಕೊಯೋಟಿ ಓಡಿಹೋಗುತ್ತದೆ. ನೆತ್ತರಿನ ಜಾಡು ತೆಳು, ಹಿಂಬಾಲಿಸುವುದು ಕಷ್ಟ. ಯಾವುದೋ ಪೊದೆಯಲ್ಲಿ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಹೊಡೆದವನು ಗುರಿ ತಪ್ಪಿತೆಂದು ಭಾವಿಸಿ ಮನೆಗೆ ಮರಳುತ್ತಾನೆ. ಬೇಟೆಯ ಬರಹಗಳು ಬಿದ್ದ ಪ್ರಾಣಿಗಳನ್ನು ಎಣಿಸುತ್ತವೆ. ಇವು ಆ ಎಣಿಕೆಯಲ್ಲಿ ಬರುವುದೇ ಇಲ್ಲ.

1959ರಲ್ಲಿ ವಿಂಚೆಸ್ಟರ್ ಸಂಸ್ಥೆ ‘.22 ಮ್ಯಾಗ್ನಮ್’ ತೋಟೆಯನ್ನು ಹೊರತಂದಿತು. ಗುಂಡು ಹೆಚ್ಚುಕಡಿಮೆ ಅದೇ ತೂಕದ್ದು, ಆದರೆ ವೇಗ ಸುಮಾರು 580 ಮೀಟರ್, ಶಕ್ತಿ 440 ಜೂಲ್. ಕೊಯೋಟಿಗೆ ಹೊಂದುವ ರಿಮ್‌ಫೈರ್ ಎಂದು ಒಪ್ಪಬಹುದಾದ ಮೊದಲ ತೋಟೆ ಇದೇ ಎಂಬುದು ನನ್ನ ಎಣಿಕೆ. ಅದೂ ನೂರು ಮೀಟರಿನೊಳಗೆ. 2002ರಲ್ಲಿ ಹಾರ್ನಡಿ ಸಂಸ್ಥೆ ಈ ಮ್ಯಾಗ್ನಮ್ಮಿನ ಕವಚದ ಕತ್ತನ್ನೇ ಕಿರಿದಾಗಿಸಿ .17 ಅಂಗುಲದ, ಕೇವಲ 1.1 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 770 ಮೀಟರಿಗೂ ಮಿಕ್ಕಿದ ವೇಗದಲ್ಲಿ ಹಾರಿಸಿತು. ಗುರಿಯ ನಿಖರತೆ ಬೆರಗು ಹುಟ್ಟಿಸುವಂಥದು. ವೇಗವನ್ನು ಕಂಡು ಮರುಳಾದ ಅನೇಕರು ಇದನ್ನು ಕೊಯೋಟಿಗೂ ಬಳಸಿದರು. ಆದರೆ ಇದರ ಶಕ್ತಿ, 330 ಜೂಲ್, ಹಳೆಯ ಮ್ಯಾಗ್ನಮ್ಮಿಗಿಂತ ಕಡಿಮೆ. ಸಣ್ಣ ಪ್ರಾಣಿಗಳಿಗೆಂದು ರೂಪಿಸಿದ ಆ ಹಗುರ ಗುಂಡು ಭುಜದ ಮೂಳೆಗೆ ತಗುಲಿದರೆ ಮೇಲ್ಮೈಯಲ್ಲೇ ಚೂರಾಗಬಲ್ಲದು. ಗಾಳಿ ಬೀಸಿದರೆ ಗುರಿಯಿಂದ ಸರಿಯುತ್ತದೆ. ವೇಗ ತೂಕಕ್ಕೆ ಪೂರ್ತಿ ಬದಲಿಯಲ್ಲ.

ಅದಾದ ಹತ್ತು ವರ್ಷಕ್ಕೆ, 2012ರಲ್ಲಿ, ವಿಂಚೆಸ್ಟರ್ ಪ್ರಕಟಿಸಿದ ‘.17 ಸೂಪರ್ ಮ್ಯಾಗ್ನಮ್’ ತೋಟೆಯ ಹುಟ್ಟು ವಿನೋದದ್ದು. ಕಟ್ಟಡದ ಕೆಲಸದಲ್ಲಿ ಕಾಂಕ್ರೀಟಿಗೆ ಮೊಳೆ ಹೊಡೆಯುವ ಯಂತ್ರವೊಂದರಲ್ಲಿ ಸಿಡಿಮದ್ದಿನ ಪುಟ್ಟ ಕವಚ ಬಳಸುತ್ತಾರೆ. ಅದರ ಗೋಡೆ ದಪ್ಪ, ಹೆಚ್ಚು ಒತ್ತಡ ತಾಳುತ್ತದೆ. ಆ ಕವಚವನ್ನೇ ಉದ್ದಗೊಳಿಸಿ ಕತ್ತು ಕಿರಿದು ಮಾಡಿದರೆ ಬೇಟೆಯ ತೋಟೆ! ಶಕ್ತಿ 540 ಜೂಲ್ ಮುಟ್ಟಿತು. ಇಂದು ಬಳಕೆಯಲ್ಲಿರುವ ಸಣ್ಣ ರಿಮ್‌ಫೈರ್‌ಗಳು ತಲುಪಿರುವ ಎತ್ತರ ಹೆಚ್ಚುಕಡಿಮೆ ಇಷ್ಟೇ; .223ರದು 1,700 ಜೂಲ್ ಸಮೀಪ.

ನೀಲಗಿರಿಯವರಿಗೆ ಇಲ್ಲೊಂದು ಹೋಲಿಕೆ ನೆನಪಾಗದಿರದು. ಉದಕಮಂಡಲದ ಹುಲ್ಲುಬಯಲುಗಳಲ್ಲಿ ಬ್ರಿಟಿಷರು ತಮ್ಮ ನಾಡಿನ ಕೆಂಪುನರಿಯ ಬದಲು ನಮ್ಮ ನರಿಯನ್ನು ಬೇಟೆನಾಯಿಗಳಿಂದ ಅಟ್ಟಿಸಿ, ಕುದುರೆಯೇರಿ ಹಿಂಬಾಲಿಸುತ್ತಿದ್ದರು. ಇಂಗ್ಲೆಂಡಿನ ಆ ವರ್ಗದಲ್ಲಿ ನರಿಗೆ ಗುಂಡಿಡುವುದು ಮಾನಗೇಡಿನ ಕೆಲಸ. ಹಾಗೆಂದು ಆ ಬೇಟೆ ಹೆಚ್ಚು ಕರುಣೆಯದೆಂದೇನೂ ಅಲ್ಲ. ನಾಯಿಗಳ ಬಾಯಿಗೆ ಸಿಕ್ಕ ಪ್ರಾಣಿಯನ್ನು ಕೇಳಬೇಕಿತ್ತು. ಇದೇ ಬೆಟ್ಟದ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ತಯಾರಾಯಿತು ಎಂಬುದನ್ನೂ ಹೇಳಿಬಿಡಬಹುದು.

ಅಮೆರಿಕದ ಸರ್ಕಾರ 1915ರಿಂದಲೇ ಪರಭಕ್ಷಕ ಪ್ರಾಣಿಗಳ ನಾಶಕ್ಕೆ ಹಣ ತೆಗೆದಿಟ್ಟಿತು. 1931ರಲ್ಲಿ ಅದಕ್ಕೆಂದೇ ಕಾಯಿದೆ ಮಾಡಿತು. ಬಂದೂಕಿನ ಜೊತೆಗೆ ಬೋನು ಬಂತು, ಸ್ಟ್ರಿಕ್ನಿನ್ ಮೊದಲಾದ ವಿಷಗಳು ಬಂದವು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಈ ವಿಷಗಳ ಬಳಕೆಯನ್ನು ತಡೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಂಕಿತ ಪಡೆಯಿತು. ನಮ್ಮ ನರಿ ಇಂದು ಅದರ ರಕ್ಷಣೆಯಲ್ಲಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕೊಯೋಟಿಗೆ ಅಂಥ ರಕ್ಷಣೆಯಿಲ್ಲ. ಜಿಂಕೆಗೆ ರಿಮ್‌ಫೈರ್ ಬಳಸಬಾರದೆಂಬ ನಿಯಮ ಅಲ್ಲಿ ವ್ಯಾಪಕವಾಗಿದೆ. ಕೊಯೋಟಿಯ ಮಟ್ಟಿಗೆ ಆಯ್ಕೆಯನ್ನು ಹೆಚ್ಚಾಗಿ ಬೇಟೆಗಾರನ ವಿವೇಚನೆಗೇ ಬಿಡಲಾಗಿದೆ.

ಇಷ್ಟಾದರೂ ಕೊಯೋಟಿ ಕುಗ್ಗಲಿಲ್ಲ. ಸಂಖ್ಯೆ ತಗ್ಗಿದೆಡೆ ಉಳಿದವು ಹೆಚ್ಚು ಮರಿ ಹಾಕುತ್ತವೆ. ತೋಳ ಅಳಿದ ನೆಲವನ್ನು ಇವು ಆಕ್ರಮಿಸಿದವು. ಇಂದು ಹವಾಯಿಯನ್ನು ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇವೆ. ಶಿಕಾಗೋ ನಗರದಲ್ಲಿ 2000ದಿಂದ ಸಂಶೋಧಕರು ಇವುಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಇರುಳಿನಲ್ಲಿ ಯಾವ ಬೀದಿ, ಯಾವ ಉದ್ಯಾನ, ಯಾವ ರೈಲುಹಳಿಯ ಪಕ್ಕ ಓಡಾಡುತ್ತವೆಂದು ಗುರುತಿಸುತ್ತಿದ್ದಾರೆ.