ಕೃಷ್ಣೆಯ ದಂಡೆಯ ಎರಡು ಮನೆ: ಮೆಣವಲಿಯ ವಾಡೆ, ನಮ್ಮತ್ತೆಯ ಮಾಳಿಗೆ ಮನಿ

ಈ ಸಲದ ವಿಡಿಯೊದಲ್ಲಿ ಹೇಳಿದ್ದನ್ನೇ ಓದೋದಕ್ಕೆ ಸರಿಹೋಗುವಂತೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ. ಮಾತಿನ ಧಾಟಿ ಹಾಗೇ ಉಳಿದಿದ್ದರೆ ಸುಧಾರಿಸಿಕೊಳ್ಳಿ.

ಹಿಂಜವಡಿ, ವಾಕಡ, ಬಾಣೇರ ಕಡೆ ಇರೋ ನಮ್ಮಂಥವರಿಗೆ ಶನಿವಾರ ಬಂತಂದ್ರೆ ಪುಣೆಯಿಂದ ಹೊರಗೆ ಎಲ್ಲಿಗಾದ್ರೂ ಗಾಡಿ ಓಡಿಸಬೇಕು ಅನ್ನೋ ಚಟ. ಮಹಾಬಳೇಶ್ವರ, ಪಂಚಗಣಿಗೆ ಎಷ್ಟು ಸಲ ಹೋಗಿದ್ದೀರೋ ನೆನಪಿಸಿಕೊಳ್ಳಿ. ಆ ದಾರಿಯಲ್ಲಿ ವಾಯಿ ಅನ್ನೋ ಊರು ಬರುತ್ತೆ. ಅಲ್ಲಿಂದ ಮೂರು ಕಿಲೋಮೀಟರ್ ಒಳಗೆ ಹೋದರೆ ಮೆಣವಲಿ. ಕೃಷ್ಣಾ ನದಿಯ ದಂಡೆ, ಕಲ್ಲಿನ ಘಾಟ್, ಪಕ್ಕದಲ್ಲೇ ಒಂದು ದೊಡ್ಡ ವಾಡೆ. ‘ಸ್ವದೇಸ್’ ಸಿನಿಮಾ ನೋಡಿದವರಿಗೆ ಆ ಘಾಟ್ ನೋಡಿದ ಕೂಡಲೇ ಗುರುತು ಸಿಗುತ್ತೆ. ನಾಸಾದಲ್ಲಿ ಕೆಲಸ ಮಾಡೋ ಎಂಜಿನಿಯರ್ ಹಳ್ಳಿಗೆ ಬರೋ ಕತೆ ಚಿತ್ರೀಕರಣ ಆಗಿದ್ದು ಅಲ್ಲೇ.

ಆ ವಾಡೆ ನಾನಾ ಫಡ್ನವೀಸರದು. 1742ರಲ್ಲಿ ಹುಟ್ಟಿ 1800ರಲ್ಲಿ ತೀರಿಕೊಂಡ ನಾನಾ, ಪೇಶ್ವೆ ದರ್ಬಾರಿನ ಲೆಕ್ಕಪತ್ರವನ್ನೂ ರಾಜಕಾರಣವನ್ನೂ ಒಂದೇ ಕೈಯಲ್ಲಿ ಹಿಡಿದಿದ್ದ ಮನುಷ್ಯ. ಒಂದರ ಹಿಂದೊಂದು ಆರು ಚೌಕಗಳು, ಕಟ್ಟಿಗೆಯ ಕಂಬಗಳ ಸಾಲು, ದಪ್ಪ ಗೋಡೆಗಳು, ಒಂದಿಷ್ಟು ಗೋಡೆ ಚಿತ್ರಗಳು. ಘಾಟಿನ ಪಕ್ಕದ ಪುಟ್ಟ ಗುಡಿಯಂಥ ಕಟ್ಟಡದಲ್ಲಿ ಒಂದು ಗಂಟೆ ತೂಗುತ್ತೆ, ಅದರ ಮೇಲೆ ಕೂಸನ್ನೆತ್ತಿಕೊಂಡ ಮೇರಿಯಮ್ಮ! 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯಲ್ಲಿ ಪೋರ್ಚುಗೀಸರನ್ನು ಸೋಲಿಸಿದಾಗ ಸಿಕ್ಕ ಗಂಟೆ ಅದು.

ಆದರೆ ನನ್ನನ್ನು ಅಲ್ಲಿ ನಿಲ್ಲಿಸಿದ್ದು ಗಂಟೆಯಲ್ಲ, ಬಾಗಿಲು. ಹೆಬ್ಬಾಗಿಲಿನೊಳಗೇ ಇನ್ನೊಂದು ಸಣ್ಣ ಬಾಗಿಲು ಇರುತ್ತಲ್ಲ, ಒಬ್ಬರೇ ಬಗ್ಗಿ ಹೋಗುವಂಥದ್ದು, ಅದಕ್ಕೆ ಮರಾಠಿಯಲ್ಲಿ ‘ದಿಂಡಿ’ ಅಂತಾರೆ. ನಮ್ಮ ಕಡೆ ‘ದಿಡ್ಡಿ ಬಾಗಿಲಾ’. ಅವರ ‘ವಾಡಾ’ ನಮ್ಮ ‘ವಾಡೆ’. ಅವರ ‘ಪಡಸಾಳ’ ನಮ್ಮ ‘ಪಡಸಾಲಿ’. ಸೊಲ್ಲಾಪುರದ ಕಡೆ ಮಣ್ಣಿನ ಚಪ್ಪಟೆ ಛಾವಣಿಗೆ ‘ಮಾಳವದ’ ಅಂತಾರೆ, ನಾವು ‘ಮಾಳಿಗಿ’. ಭಾಷೆ ಬೇರೆ, ಮನೆಯೊಳಗಿನ ಮಾತು ಹೆಚ್ಚುಕಡಿಮೆ ಒಂದೇ. ಮೆಣವಲಿಯ ಮುಂದೆ ಹರಿಯೋ ನೀರು ವಾಯಿ, ಸಾಂಗ್ಲಿ ದಾಟಿ, ಬೆಳಗಾವಿ ಜಿಲ್ಲೆಗೆ ಇಳಿದು, ಕೊನೆಗೆ ನಮ್ಮ ಬಾಗಲಕೋಟೆ, ವಿಜಯಪುರದ ನಡುವೆ ಬಂದು ಆಲಮಟ್ಟಿಯಲ್ಲಿ ನಿಲ್ಲುತ್ತೆ. ನಮ್ಮ ಅಜ್ಜನ ಮನೆ ಇದ್ದದ್ದು ಆ ನಿಲ್ಲುವ ನೀರಿನಲ್ಲಿ.

ಒಂದು ಹಾಳೆಯಲ್ಲಿ ಉಳಿದ ಮನೆ

ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲಿಸೋದು 519.60 ಮೀಟರ್ ಎತ್ತರದವರೆಗೆ. ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು, ನವನಗರ ಎದ್ದಿತು. ನದಿದಂಡೆಯ ಎಷ್ಟೋ ಹಳ್ಳಿಗಳು ಮೇಲಕ್ಕೆ ಸರಿದವು. ನಮ್ಮ ಕಡೆ ಇದಕ್ಕೆಲ್ಲ ಸೇರಿ ಒಂದೇ ಪದ: ಮುಳುಗಡೆ. “ಅವರದು ಮುಳುಗಡಿ ಊರು” ಅಂದ್ರೆ ಮುಂದೆ ಏನೂ ಕೇಳಬೇಕಾಗಿಲ್ಲ.

ಅಜ್ಜನ ಮನೆ ಹೋದಾಗ ನಾನು ಶಾಲೆಯಲ್ಲಿದ್ದೆ. ಇವತ್ತು ಆ ಮನೆಯ ಒಂದೂ ಒಳ್ಳೆಯ ಫೋಟೊ ನಮ್ಮಲ್ಲಿಲ್ಲ. ಮದುವೆ ಫೋಟೊಗಳಲ್ಲಿ ಹಿಂದುಗಡೆ ಒಂದು ಕಂಬ, ಅರ್ಧ ಗೋಡೆ ಕಾಣುತ್ತೆ, ಅಷ್ಟೇ. ಉಳಿದಿರೋ ಒಂದೇ ಲಿಖಿತ ದಾಖಲೆ ಪರಿಹಾರದ ಲೆಕ್ಕದ ಹಾಳೆ. ಕಂಬ ಇಷ್ಟು, ಬಾಗಿಲು ಇಷ್ಟು, ಮಾಳಿಗೆ ಇಷ್ಟು ಚದರ. ಬೆಲೆ ಕಟ್ಟೋದು ಆ ಹಾಳೆಯ ಕೆಲಸ, ಅದನ್ನು ಅದು ಮಾಡಿದೆ. ಅಜ್ಜಿ ಎಲ್ಲಿ ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದಳು, ಬೆಳಕು ಎಲ್ಲಿಂದ ಬೀಳುತ್ತಿತ್ತು ಅನ್ನೋದನ್ನು ಬರೆದಿಟ್ಟುಕೊಳ್ಳೋದು ನಮ್ಮ ಕೆಲಸವಾಗಿತ್ತು. ನಾವು ಮಾಡಲಿಲ್ಲ.

ಮೆಣವಲಿಯಿಂದ ವಾಪಸ್ ಬರೋವಾಗ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ನಾನಾ ಫಡ್ನವೀಸರ ಕಾಗದಪತ್ರ, ‘ಮೆಣವಲಿ ದಫ್ತರ’, ಇಲ್ಲೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಜೋಪಾನವಾಗಿದೆ. ದೊಡ್ಡವರ ಮನೆಗೆ ದಫ್ತರ ಇರುತ್ತೆ. ರೈತನ ಮನೆಗೆ? ಅದೇ ವರ್ಷ ದೀಪಾವಳಿ ರಜೆಗೆ ಊರಿಗೆ ಹೋದಾಗ ಲೇಸರ್ ಮೀಟರ್, ಐವತ್ತು ಅಡಿಯ ಟೇಪು, ಗ್ರಾಫ್ ಪುಸ್ತಕ ತಗೊಂಡು ನಮ್ಮ ಸೋದರತ್ತೆಯ ಮನೆಗೆ ಹೋದೆ. ಅವರ ಊರು ಸ್ವಲ್ಪ ದಿನ್ನೆಯ ಮೇಲಿದೆ, ಹಾಗಾಗಿ ಆಗ ಉಳೀತು.

ಟೇಪು ಬಿಚ್ಚಿದ್ದೇ ತಡ, ಅತ್ತೆಯ ಮುಖ ಸಣ್ಣದಾಯ್ತು. “ಏನ್ ಅಳ್ಯಾಕತ್ತೀಯೋ ತಮ್ಮಾ? ಯಾರರ ಪಾಲು ಕೇಳ್ಯಾರೇನು?” ಹಳ್ಳಿಯಲ್ಲಿ ಮನೆ ಅಳೆಯೋದಂದ್ರೆ ಎರಡೇ ಅರ್ಥ: ಪಾಲು, ಇಲ್ಲಾ ಮುಳುಗಡೆ. “ಇಲ್ಲ ಅತ್ತಿ, ಚಿತ್ರ ಬರ್ಕೊಂಡು ಇಟ್ಕೊಳ್ಳಾಕ” ಅಂದೆ. ಅವರಿಗೆ ನಂಬಿಕೆ ಬರೋಕೆ ಅರ್ಧ ದಿನ ಬೇಕಾಯ್ತು. ಆಮೇಲೆ ಟೇಪಿನ ಇನ್ನೊಂದು ತುದಿ ಹಿಡಿದವರೂ ಅವರೇ.

ಮನೆ ಅಂದ್ರೆ ಒಕ್ಕಲುತನದ ಲೆಕ್ಕದ ಪುಸ್ತಕ

ಈಗ ಒಳಗೆ ಬನ್ನಿ. ತಲೆಬಾಗಿಲು ದಾಟಿದ ಕೂಡಲೇ ಸಿಗೋದು ದನ ಕಟ್ಟುವ ಜಾಗ. ಹೌದು, ಮನೆಯೊಳಗೇ, ಒಂದೇ ಮಾಳಿಗೆಯ ಕೆಳಗೆ. ಗೋಡೆಗುಂಟ ಮೇವು ಹಾಕೋ ಗ್ವಾದಲಿ. ಅಲ್ಲಿಂದ ಎರಡೂವರೆ ಅಡಿ ಎತ್ತರಕ್ಕೆ ಪಡಸಾಲಿ. ಪ್ಯಾಟೆಯ ಹುಡುಗರು ನೋಡಿದರೆ ಮೂಗು ಮುರೀತಾರೆ. ಆದರೆ ರೈತನಿಗೆ ಎತ್ತೇ ಬಂಡವಾಳ. ಕಳ್ಳತನ ಆಗಬಾರದು, ರಾತ್ರಿ ಹಸು ಕರು ಹಾಕುವಾಗ ಎಚ್ಚರ ಆಗಬೇಕು. ಗಂಜಲ ಮೇಲೆ ಬರದಿರಲಿ ಅಂತ ಆ ಎರಡೂವರೆ ಅಡಿ. ಅತ್ತೆಯ ಮನೆಯ ಗ್ವಾದಲಿ ಅಳೆದಾಗ ಆರು ಎತ್ತು ಕಟ್ಟುವಷ್ಟಿತ್ತು. ಅಂದರೆ ಒಂದು ಕಾಲಕ್ಕೆ ಮೂರು ಜೋಡಿಯ ಒಕ್ಕಲುತನ. ಉತಾರದಲ್ಲಿ ಹೊಲ ಎಷ್ಟು ಅಂತ ಸಿಗುತ್ತೆ, ಅದನ್ನು ಹೇಗೆ ಉಳುತ್ತಿದ್ದರು ಅನ್ನೋದು ಗ್ವಾದಲಿಯಲ್ಲಿ ಸಿಗುತ್ತೆ.

ಪಡಸಾಲಿಯಲ್ಲಿ ಕಂಬಗಳು. ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿ. ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು, ಅದರ ಮೇಲೆ ಸುಮಾರು ಒಂದು ಅಡಿ ಮಣ್ಣು. ಮೇಲಿನ ಪದರ ಸವಳು ಮಣ್ಣಿನದು. ಅದು ನೆನೆದಾಗ ಗಟ್ಟಿ ಕೂತು ನೀರು ಇಳಿಯಗೊಡೋದಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮತ್ತೆ ಹೊಸ ಸವಳು ಹಾಕಿ ತುಳಿಯಬೇಕು. ಒಂದೆರಡು ವರ್ಷ ಬಿಟ್ಟರೆ ಸೋರಿಕೆ ಶುರು, ಜಂತಿ ಕೊಳೆಯೋಕೆ ಶುರು. ನಮ್ಮ ಮಾಳಿಗೆ ಮನೆಗಳು ಬೀಳೋದು ವಯಸ್ಸಾಗಿ ಅಲ್ಲ, ಮಾಳಿಗೆ ಹತ್ತೋ ಮಕ್ಕಳು ಪುಣೆ, ಬೆಂಗಳೂರು ಸೇರಿಕೊಂಡಿದ್ದಕ್ಕೆ.

ಘಟ್ಟದ ಕಡೆ ಇಳಿಜಾರು ಛಾವಣಿ, ಹಂಚು, ಯಾಕಂದ್ರೆ ಅಲ್ಲಿ ಮಳೆ ಜಾಸ್ತಿ. ಬಾಗಲಕೋಟೆಯಲ್ಲಿ ವರ್ಷಕ್ಕೆ ಬರೋದೇ 600 ಮಿಲಿಮೀಟರಿನ ಒಳಗೆ, ಬ್ಯಾಸಿಗೆಯಲ್ಲಿ ಬಿಸಿಲು 40 ಡಿಗ್ರಿ. ಅದಕ್ಕೇ ದಪ್ಪ ಮಣ್ಣು, ಎರಡೂವರೆ ಅಡಿ ಗೋಡೆ, ಕಿಟಕಿ ಕಡಿಮೆ, ಮಾಳಿಗೆಯಲ್ಲೇ ಒಂದು ಬೆಳಕಿಂಡಿ. ಮಧ್ಯಾಹ್ನ ಅಡುಗೆಮನೆಗೆ ಬೀಳುವ ಆ ಬೆಳಕಿನ ಕೋಲನ್ನು ನೋಡಿಯೇ ಅತ್ತೆ ಹೊತ್ತು ಹೇಳ್ತಾರೆ.

ಕಾಳು ಇಡೋಕೆ ಹಗೇವು. ನೆಲದೊಳಗಿನ ಹೊಂಡ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿ ಆಡೋದಿಲ್ಲ, ಹುಳ ಬದುಕೋದಿಲ್ಲ. ಅದೇ ಕಾರಣಕ್ಕೆ ತೆಗೆದ ಕೂಡಲೇ ಮನುಷ್ಯನೂ ಇಳಿಯಬಾರದು. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯೋ ಹಾಗಿಲ್ಲ. ಇದನ್ನು ಅತ್ತೆ ಹೇಳಿದ್ದಕ್ಕೆ ನನಗೆ ಗೊತ್ತಾಯ್ತು, ನನ್ನ ನಕ್ಷೆಯಲ್ಲಿ ಅದು ಬರೀ ಒಂದು ಗೋಲ.

ಹೊಂದದ ಬಾಗಿಲು

ಎರಡನೇ ದಿನ ಹಿತ್ತಲ ಬಾಗಿಲು ಅಳೆಯೋವಾಗ ಲೆಕ್ಕ ತಪ್ಪುತ್ತಿತ್ತು. ಗೋಡೆಯ ಕಂಡಿಗಿಂತ ಚೌಕಟ್ಟು ಆರು ಇಂಚು ಗಿಡ್ಡ, ಮೇಲೆ ಬೇರೆ ಜಾತಿಯ ಕಟ್ಟಿಗೆ ಕೊಟ್ಟು ಹೊಂದಿಸಿದ್ದಾರೆ. ಮಸಿ ಒರೆಸಿದರೆ ಪಟ್ಟಿಯ ಮೇಲೆ ಅಂಕಿ ಕಂಡಿತು: ಶಕೆ 1832. ಶಕೆಗೆ 78 ಕೂಡಿಸಿದರೆ 1910. “ಅತ್ತಿ, ಈ ಬಾಗಲಾ ಈ ಮನೀದಲ್ಲ” ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದು ನಮ್ಮಪ್ಪನ ಮನೀದು. ಊರು ಬಿಡೋ ಮುಂದ ಎಲ್ಲಾರೂ ಕಂಬ, ಬಾಗಲಾ ಕಿತ್ಕೊಂಡು ಬಂದ್ರು. ನಿಮ್ಮಪ್ಪ ಇದನ್ನ ಚಕ್ಕಡ್ಯಾಗ ಹೇರಿ ನನಗ ಕೊಟ್ಟ. ತವರಮನಿ ಅಂತೂ ಹೋತು, ಬಾಗಲಾರ ಇರ್ಲಿ ಅಂತ.”

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಬಾಗಿಲಿನಲ್ಲಿ ಓಡಾಡಿದ್ದೀನಿ. ಅಪ್ಪ ಒಂದು ದಿನವೂ ಹೇಳಿರಲಿಲ್ಲ. ಅಳೆಯದೇ ಇದ್ದಿದ್ದರೆ ನಾನು ಕೇಳುತ್ತಲೂ ಇರಲಿಲ್ಲ.

ಯಾಕೆ ಈಗಲೇ

ಕಟ್ಟಿಗೆ ಮತ್ತು ಮಣ್ಣಿನ ಮನೆಗಳು ಹೋದರೆ ಗುರುತೂ ಉಳಿಯೋದಿಲ್ಲ. ನಾವು ದಿನಾ ನೋಡೋ ಶನಿವಾರವಾಡೆಯನ್ನೇ ತಗೊಳ್ಳಿ. 1732ರಲ್ಲಿ ಮುಗಿದ ಅರಮನೆ, 1828ರ ಬೆಂಕಿಯಲ್ಲಿ ಮೇಲಿನದೆಲ್ಲ ಸುಟ್ಟು ಕೋಟೆಗೋಡೆ, ಅಡಿಪಾಯ ಮಾತ್ರ ಉಳಿದವು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದಾಗ ಮುಠಾ ದಂಡೆಯ ಪೇಟೆಗಳಿಗೆ ನೀರು ನುಗ್ಗಿ ಎಷ್ಟೋ ಹಳೇ ವಾಡೆಗಳು ಕುಸಿದವು. ಉಳಿದವನ್ನು ಈಗ ಅಪಾರ್ಟ್‌ಮೆಂಟುಗಳು ಒಂದೊಂದಾಗಿ ನುಂಗುತ್ತಿವೆ.

ಎತ್ತಿಟ್ಟು ಉಳಿಸಿದವರೂ ಇದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿ. ಹಳೇ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ್ದಾರೆ, ಅದರಲ್ಲಿ ವಾಯಿಯಿಂದ ತಂದ ಪೇಶ್ವೆ ಕಾಲದ ವಾಡೆಯೂ ಒಂದು. ಆದರೆ ಎಲ್ಲರಿಗೂ ಅದು ಆಗೋ ಮಾತಲ್ಲ. ಅಳೆದು ಬರೆದಿಡೋದು ಎಲ್ಲರಿಗೂ ಆಗುತ್ತೆ.

2010ರಲ್ಲಿ ಕೃಷ್ಣಾ ಎರಡನೇ ನ್ಯಾಯಾಧಿಕರಣ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಅಂದರೆ ಈಗಿನದಕ್ಕಿಂತ ನಾಲ್ಕೂವರೆ ಮೀಟರಿಗೂ ಹೆಚ್ಚು. ಒಣ ಹೊಲಗಳಿಗೆ ನೀರು ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅತ್ತೆಯ ಮನೆ ಇರೋದು ಆ ಎರಡು ಅಂಕಿಗಳ ನಡುವೆ. ಅಂದು ಅವರ ಮುಖ ಸಣ್ಣದಾಗಿದ್ದು ಸುಮ್ಮನೆ ಅಲ್ಲ.

ನೀವು ಮಾಡೋದಾದರೆ ಹೀಗೆ ಮಾಡಿ. ಮೊದಲು ಕೈಯಲ್ಲೇ ಒಂದು ಕಚ್ಚಾ ನಕ್ಷೆ. ಪ್ರತಿ ಕೋಣೆಯ ನಾಲ್ಕು ಬದಿ ಅಳೆದು, ಮೂಲೆಯಿಂದ ಮೂಲೆಗೂ ಅಳೆಯಿರಿ, ಹಳೇ ಮನೆಯ ಗೋಡೆಗಳು ನೇರ ಇರೋದಿಲ್ಲ. ಎತ್ತರ ಮರೀಬೇಡಿ. ಬೋದಿಗೆ, ಬಾಗಿಲುಗಳ ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಎಲ್ಲಕ್ಕಿಂತ ಮುಖ್ಯ, ಪ್ರತಿ ಭಾಗಕ್ಕೆ ಮನೆಯ ಹಿರಿಯರು ಏನಂತಾರೆ ಅನ್ನೋದನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿ. ಗೋಡೆ ಇನ್ನೊಂದಿಷ್ಟು ವರ್ಷ ನಿಂತೀತು. ಆ ಮಾತು ಬಲ್ಲವರು ನಿಲ್ಲಬೇಕಲ್ಲ?

ನಮ್ಮ ನಕ್ಷೆ ಈಗ ನಾಲ್ಕು ಹಾಳೆ ಆಗಿದೆ. ಒಂದು ಪ್ರತಿ ಅತ್ತೆಯ ಟ್ರಂಕಿನಲ್ಲಿದೆ, ಅಜ್ಜನ ಮನೆಯ ಪರಿಹಾರದ ಹಾಳೆಯ ಜೊತೆ. ಹೋದ ತಿಂಗಳು ಫೋನಿನಲ್ಲಿ ಅಂದರು: “ತಮ್ಮಾ, ಬೀಸೂಕಲ್ಲು ಇಡೂ ಜಾಗಾ ಬರಿಯಾಕ ಮರ್ತೀಯಲ್ಲೋ.” ಹೌದು, ಮರೆತಿದ್ದೆ. ಮುಂದಿನ ರಜೆಗೆ ಟೇಪು ಮತ್ತೆ ಬ್ಯಾಗಿಗೆ ಹೋಗುತ್ತೆ.

ಸಿಗೋಣ, ಶರಣು.