ಜೆ. ಎಡ್ಗರ್ ಹೂವರ್: ಕಡತಗಳ ಮೇಲೆ ನಿಂತ 48 ವರ್ಷಗಳ ಅಧಿಕಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪೋಲೀಸ್ ಅಧಿಕಾರವು ಮೂಲತಃ ಆಯಾ ಸಂಸ್ಥಾನಗಳಿಗೆ ಸೇರಿದುದು. ಇಡೀ ರಾಷ್ಟ್ರಕ್ಕೆ ಒಬ್ಬನೇ ಪೋಲೀಸ್ ಮುಖ್ಯಸ್ಥನೆಂಬ ಹುದ್ದೆಯು ಅಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಹಾಗಿದ್ದರೂ 1924ರಿಂದ 1972ರವರೆಗೆ, ಕೂಲಿಜ್‌ನಿಂದ ಮೊದಲ್ಗೊಂಡು ನಿಕ್ಸನ್‌ವರೆಗಿನ ಎಂಟು ಮಂದಿ ಅಧ್ಯಕ್ಷರ ಕಾಲದಲ್ಲಿ, ಇಲ್ಲದ ಆ ಹುದ್ದೆಗೆ ಸಲ್ಲಬಹುದಾಗಿದ್ದ ಗೌರವವೂ ಭಯವೂ ಫೆಡರಲ್ ತನಿಖಾ ಸಂಸ್ಥೆಯ, ಅಂದರೆ ಎಫ್‌ಬಿಐಯ, ನಿರ್ದೇಶಕನಾದ ಜಾನ್ ಎಡ್ಗರ್ ಹೂವರ್‌ನಿಗೆ ಸಂದುವು. ಈ ದೀರ್ಘಾಧಿಕಾರಕ್ಕೆ ಕಮ್ಯೂನಿಸ್ಟರ ಭೀತಿ, ಪತ್ರಿಕೆಗಳ ಸ್ತುತಿ, ರಾಜಕಾರಣಿಗಳ ಅಂಜಿಕೆ ಎಂದು ಮುಂತಾಗಿ ಹಲವು ಕಾರಣಗಳನ್ನು ಹೇಳುವುದುಂಟು. ಅವು ಸುಳ್ಳಲ್ಲ. ಆದರೆ ಅವೆಲ್ಲಕ್ಕೂ ಆಧಾರವಾಗಿ ಗುಮಾಸ್ತೆಯ ಒಂದು ವಿದ್ಯೆಯಿದ್ದಿತು: ಕಾಗದವನ್ನು ವರ್ಗೀಕರಿಸಿ ಇಡುವುದು, ಬೇಕೆಂದಾಗ ತೆಗೆಯುವುದು, ಬೇಡವೆಂದಾಗ ಅದು ಇಲ್ಲವೇ ಇಲ್ಲವೆಂಬಂತೆ ಮಾಡುವುದು.

ಈ ವಿದ್ಯೆಯನ್ನು ಅವನು ಕಲಿತದ್ದು ಪೋಲೀಸ್ ಠಾಣೆಯಲ್ಲಲ್ಲ. 1895ರ ಜನವರಿ 1ರಂದು ವಾಷಿಂಗ್‌ಟನ್ ನಗರದಲ್ಲಿಯೇ ಜನಿಸಿದ ಹೂವರನು, 1913ರಿಂದ ಹಗಲು ಹೊತ್ತು ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾಗ್ರಂಥಾಲಯದಲ್ಲಿ ಸಣ್ಣ ನೌಕರಿ ಮಾಡುತ್ತ, ಸಂಜೆ ಜಾರ್ಜ್ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರ ಓದಿ, 1917ರಲ್ಲಿ ನ್ಯಾಯಾಂಗ ಇಲಾಖೆಯನ್ನು ಸೇರಿದನು. ಎರಡು ವರ್ಷ ಕಳೆಯುವ ಹೊತ್ತಿಗೆ, ಅಟಾರ್ನಿ ಜನರಲ್ ಪಾಮರನು ಉಗ್ರವಾದಿಗಳ ಮೇಲೆ ಕಣ್ಣಿಡಲೆಂದು ತೆರೆದ ಹೊಸ ವಿಭಾಗಕ್ಕೆ ಈ 24 ವರ್ಷದ ತರುಣನೇ ಮುಖ್ಯಸ್ಥನಾದನು. ಅಲ್ಲಿ ಅವನ ಪ್ರಥಮ ಕಾರ್ಯವೆಂದರೆ ಗ್ರಂಥಾಲಯದ ಸೂಚಿಯನ್ನು ಹೋಲುವ ಒಂದು ಸೂಚಿಯ ನಿರ್ಮಾಣ. ಪುಸ್ತಕದ ಹೆಸರಿರಬೇಕಾದಲ್ಲಿ ಮನುಷ್ಯನ ಹೆಸರು. ಜತೆಗೆ ಅವನು ಸೇರಿದ ಸಂಘ, ಇದ್ದ ಊರು, ಹೊರಡಿಸಿದ ಪತ್ರಿಕೆ, ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿ ತೋರುವ ಪರಸ್ಪರ ಉಲ್ಲೇಖ. 1921ರ ಹೊತ್ತಿಗೆ ಇಂತಹ ಕಾರ್ಡುಗಳು ಸುಮಾರು 4,50,000ಕ್ಕೆ ಏರಿದುವು. 1919ರ ಡಿಸೆಂಬರಿನಲ್ಲಿ ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಮೊದಲಾದ 249 ಮಂದಿಯನ್ನು ಬ್ಯೂಫರ್ಡ್ ಎಂಬ ಹಡಗಿನಲ್ಲಿ ರಷ್ಯಕ್ಕೆ ಗಡೀಪಾರು ಮಾಡಿದಾಗ ಹೂವರನು ಬಂದರುಕಟ್ಟೆಯಲ್ಲಿ ಖುದ್ದಾಗಿ ನಿಂತಿದ್ದನು.

ಪಾಮರನ ಸಾಮೂಹಿಕ ಬಂಧನಗಳು ಜನರ ತಿರಸ್ಕಾರಕ್ಕೆ ಪಾತ್ರವಾಗಿ, ಮುಂದೆ ಅಧ್ಯಕ್ಷ ಹಾರ್ಡಿಂಗನ ಆಡಳಿತದ ಹಗರಣಗಳಲ್ಲಿ ತನಿಖಾ ಸಂಸ್ಥೆಯ ಹೆಸರೂ ಕೆಟ್ಟುಹೋದ ಮೇಲೆ, ಅದನ್ನು ಶುದ್ಧಿಗೊಳಿಸಲು ಬಂದ ಅಟಾರ್ನಿ ಜನರಲ್ ಹಾರ್ಲನ್ ಸ್ಟೋನನು 1924ರ ಮೇ 10ರಂದು ಆರಿಸಿಕೊಂಡದ್ದು ಇದೇ ಹೂವರನನ್ನು. ಚರಿತ್ರೆಯ ವಿಡಂಬನೆಯೆಂದರೆ ಇದೇ ಇರಬೇಕು. ಸಂಸ್ಥೆಯು ಕಾನೂನಿನ ಉಲ್ಲಂಘನೆಯನ್ನು ಮಾತ್ರ ತನಿಖೆ ಮಾಡತಕ್ಕದ್ದು, ಯಾರ ರಾಜಕೀಯ ಅಭಿಪ್ರಾಯವೂ ಅದಕ್ಕೆ ಸಂಬಂಧಿಸಿದ್ದಲ್ಲ ಎಂಬುದು ಸ್ಟೋನನ ಕಟ್ಟಪ್ಪಣೆ. ಹೂವರನು ಅದನ್ನು ಶಿರಸಾವಹಿಸಿದನು. ಅಯೋಗ್ಯರನ್ನು ತೆಗೆದುಹಾಕಿದನು, ಕಾನೂನು ಇಲ್ಲವೆ ಲೆಕ್ಕಪತ್ರ ಓದಿದವರನ್ನು ಸೇರಿಸಿಕೊಂಡನು, ಪ್ರತಿಯೊಂದು ಶಾಖೆಯನ್ನೂ ತನಿಖೆದಾರರಿಂದ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿದನು.

ಅದೇ ವರ್ಷ ಎರಡು ಕಡೆಗಳಿಂದ ಬಂದ 8,10,188 ಬೆರಳಚ್ಚು ಕಾರ್ಡುಗಳು ಒಂದೇ ವಿಭಾಗದಲ್ಲಿ ಕೂಡಿದುವು. ಅವುಗಳ ವಿಂಗಡಣೆಗೆ ಬಳಸಿದ ಹೆನ್ರಿ ಪದ್ಧತಿಯು ನಮ್ಮ ಕಲ್ಕತ್ತೆಯಲ್ಲಿ ರೂಪುಗೊಂಡುದೆಂಬುದನ್ನೂ, ಅದರ ಗಣಿತಭಾಗಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀಯ ನೌಕರರೆಂಬುದನ್ನೂ, ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತೆಂಬುದನ್ನೂ ಇಲ್ಲಿ ಸ್ಮರಿಸಿದರೆ ಅಪ್ರಸಕ್ತವಾಗಲಾರದು. 1946ರ ವೇಳೆಗೆ ಆ ಸಂಗ್ರಹವು ಹತ್ತು ಕೋಟಿಯನ್ನು ಮುಟ್ಟಿದ್ದಿತು.

1930ರ ದಶಕದ ದರೋಡೆಕೋರರ ಕಥೆ ಸುಪರಿಚಿತವಾದುದು. 1934ರಲ್ಲಿ ಸಂಸ್ಥೆಯ ಅಧಿಕಾರಿಗಳಿಗೆ ಆಯುಧ ಧರಿಸುವ ಮತ್ತು ಬಂಧಿಸುವ ಅಧಿಕಾರ ದೊರೆಯಿತು. ಜುಲೈ 22ರಂದು ಷಿಕಾಗೋದ ಬಯೋಗ್ರಾಫ್ ಚಿತ್ರಮಂದಿರದ ಬಳಿ ದರೋಡೆಕೋರ ಡಿಲಿಂಜರನು ಹತನಾದನು. ಆ ಕಾರ್ಯಾಚರಣೆಯನ್ನು ನಡೆಸಿ ಕೀರ್ತಿ ಪಡೆದ ಮೆಲ್ವಿನ್ ಪರ್ವಿಸನು, ಯಜಮಾನನ ಅಸೂಯೆಗೆ ಗುರಿಯಾಗಿ, ಮರುವರ್ಷವೇ ರಾಜೀನಾಮೆ ಕೊಟ್ಟನು.

ಸ್ಟೋನನ ಅಪ್ಪಣೆಗೆ ಭಂಗ ಬಂದದ್ದು 1936ರಲ್ಲಿ. ಫ್ಯಾಸಿಸ್ಟರ ಮತ್ತು ಕಮ್ಯೂನಿಸ್ಟರ ಚಟುವಟಿಕೆಗಳ ಸಮಾಚಾರ ತನಗೆ ಬೇಕೆಂದು ಅಧ್ಯಕ್ಷ ರೂಸ್‌ವೆಲ್ಟನು ಬಾಯಿಮಾತಿನಲ್ಲಿ ಹೇಳಿದನು. ಆ ಬಾಯಿಮಾತನ್ನು ಟಿಪ್ಪಣಿಯಾಗಿ ಬರೆದಿಟ್ಟುಕೊಂಡವನು ಹೂವರ್. ಅಲ್ಲಿಂದ ಮುಂದೆ ಅಭಿಪ್ರಾಯಗಳೂ ಕಡತಕ್ಕೆ ಬಂದುವು. 1956ರಲ್ಲಿ ಆರಂಭವಾದ 'ಕೊಇಂಟೆಲ್‌ಪ್ರೊ' ಎಂಬ ಗೂಢಯೋಜನೆಯು ಕಮ್ಯೂನಿಸ್ಟ್ ಪಕ್ಷದಿಂದ ತೊಡಗಿ ಕಪ್ಪು ಜನರ ಹಕ್ಕುಗಳ ಚಳವಳಿಯವರೆಗೆ ಹಬ್ಬಿತು. 1964ರಲ್ಲಿ ಮಾರ್ಟಿನ್ ಲೂಥರ್ ಕಿಂಗರಿಗೆ, ಕದ್ದು ಮಾಡಿದ ಧ್ವನಿಮುದ್ರಣದೊಡನೆ ಒಂದು ಅನಾಮಧೇಯ ಪತ್ರವು ಸಂಸ್ಥೆಯಿಂದಲೇ ಹೋಯಿತು. ಸರಕಾರದ ಒಂದು ಕಚೇರಿಯು ಪ್ರಜೆಯೊಬ್ಬನಿಗೆ ಬೇನಾಮಿ ಬೆದರಿಕೆ ಬರೆಯುವ ಮಟ್ಟಕ್ಕೆ ಇಳಿದುದಕ್ಕಿಂತ ಹೆಚ್ಚಿನ ದೋಷಾರೋಪಣೆಯನ್ನು ಹೂವರನ ವೈರಿಯೂ ಕಲ್ಪಿಸಲಾರನು.

ಇಂತಹ ಕೃತ್ಯಗಳನ್ನು ದಾಖಲೆಯಲ್ಲಿ ಹೇಗೆ ಇಡುವುದು, ಹೇಗೆ ಇಡದಿರುವುದು? ಸಂಸ್ಥೆಗೆ ಬರುವ ಪ್ರತಿಯೊಂದು ಕಾಗದಕ್ಕೂ ಅನುಕ್ರಮಸಂಖ್ಯೆ ಬೀಳುವುದು ಅಲ್ಲಿನ ನಿಯಮ. ಸಂಖ್ಯೆ ಬಿದ್ದ ಕಾಗದವನ್ನು ತೆಗೆದರೆ ನಡುವೆ ಬಿಟ್ಟುಹೋದ ಅಂಕೆಯೇ ಸಾಕ್ಷಿ ನುಡಿಯುವುದು. ಆದಕಾರಣ ಮನೆಗಳಿಗೆ, ಕಚೇರಿಗಳಿಗೆ ಕನ್ನ ಹಾಕಿ ದಾಖಲೆಗಳ ಚಿತ್ರ ತೆಗೆಯುವ ಕೆಲಸಕ್ಕೆ 'ಕಡತಕ್ಕೆ ಸೇರಿಸತಕ್ಕದ್ದಲ್ಲ' ಎಂಬ ಪ್ರತ್ಯೇಕ ಕ್ರಮವೊಂದನ್ನು ಏರ್ಪಡಿಸಲಾಯಿತು. ಅನುಮತಿಯ ಕಾಗದಕ್ಕೆ ಸಂಖ್ಯೆಯಿಲ್ಲ. ಶಾಖಾಧಿಕಾರಿಯ ಟಿಪ್ಪಣಿಯು ಅವನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದು, ಶಾಖೆಯ ಮುಂದಿನ ಪರೀಕ್ಷೆ ಮುಗಿದೊಡನೆ ನಾಶವಾಗತಕ್ಕದ್ದು. ಈ ಕೃತ್ಯಗಳು ಸ್ಪಷ್ಟವಾಗಿ ಕಾನೂನುಬಾಹಿರವೆಂದು ಒಪ್ಪಿಕೊಂಡು ಇಡೀ ಕ್ರಮವನ್ನು ವಿವರಿಸಿದ 1966ರ ಟಿಪ್ಪಣಿಯೊಂದು ಮಾತ್ರ, ಹೂವರನೇ ತನ್ನ ಕಚೇರಿಯಲ್ಲಿ ಭದ್ರಪಡಿಸಿಟ್ಟಿದ್ದ ಗುಪ್ತ ಕಡತಗಳಲ್ಲಿ ಉಳಿದು, ಅವನ ಮರಣಾನಂತರ ಸೆನೆಟಿನ ವಿಚಾರಣಾ ಸಮಿತಿಯ ಕೈಗೆ ಸಿಕ್ಕಿತು. ಕಾಗದವನ್ನು ಸುಡುವ ವಿಧಿಯನ್ನೂ ಕಾಗದದ ಮೇಲೆ ಬರೆಯದೆ ಇರಲಾರದ ಸ್ವಭಾವವದು.

ನಿವೃತ್ತಿಯ ವಯಸ್ಸು 70 ಸಮೀಪಿಸುತ್ತಿರುವಾಗ, 1964ರ ಮೇ ತಿಂಗಳಲ್ಲಿ, ಅಧ್ಯಕ್ಷ ಜಾನ್‌ಸನ್ನನು ಆ ನಿಯಮದಿಂದ ಅವನಿಗೆ ವಿನಾಯಿತಿ ಕೊಟ್ಟನು. 1971ರ ಮಾರ್ಚ್ 8ರ ರಾತ್ರಿ ಪೆನ್ಸಿಲ್ವೇನಿಯದ ಮೀಡಿಯ ಎಂಬ ಊರಿನ ಶಾಖೆಗೆ ಕೆಲವರು ಕನ್ನ ಹಾಕಿ ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳುಹಿಸಿದಾಗ ಗೂಢಯೋಜನೆಯ ಹೆಸರು ಬಯಲಿಗೆ ಬಂದಿತು. 1972ರ ಮೇ 2ರಂದು, ಅಧಿಕಾರದಲ್ಲಿರುವಾಗಲೇ, ಹೂವರನು ತೀರಿಕೊಂಡನು. 1918ರಿಂದ ಅವನ ಕಾರ್ಯದರ್ಶಿನಿಯಾಗಿದ್ದ ಹೆಲೆನ್ ಗ್ಯಾಂಡಿಯು ಆತನ 'ವೈಯಕ್ತಿಕ' ಕಡತಗಳನ್ನು ನಾಶಮಾಡಿದಳು. ಅವುಗಳಲ್ಲಿ ಖಾಸಗಿ ಪತ್ರಗಳಲ್ಲದೆ ಬೇರೇನೂ ಇರಲಿಲ್ಲವೆಂದು 1975ರಲ್ಲಿ ಪ್ರತಿನಿಧಿಸಭೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದಳು. ಆ ಮಾತನ್ನು ಪರೀಕ್ಷಿಸಲು ಬೇಕಾದ ಕಾಗದವೇ ಉಳಿಯದಿರುವುದರಿಂದ ಸಂಶೋಧಕನು ಅದನ್ನು ನಂಬುವಂತೆಯೂ ಇಲ್ಲ, ಅಲ್ಲಗಳೆಯುವಂತೆಯೂ ಇಲ್ಲ.

1976ರಲ್ಲಿ ಕಾಂಗ್ರೆಸ್ ಸಭೆಯು ನಿರ್ದೇಶಕನ ಅವಧಿಯನ್ನು ಹತ್ತು ವರ್ಷಗಳಿಗೆ ಮಿತಿಗೊಳಿಸಿ, ಎರಡನೆಯ ಅವಧಿಯನ್ನು ನಿಷೇಧಿಸಿತು. 2011ರಲ್ಲಿ ಅಂದಿನ ನಿರ್ದೇಶಕ ರಾಬರ್ಟ್ ಮುಲ್ಲರ್ ಅವರನ್ನು ಇನ್ನೆರಡು ವರ್ಷ ಉಳಿಸಿಕೊಳ್ಳಲು ಅಧ್ಯಕ್ಷರ ಇಚ್ಛೆಯೊಂದೇ ಸಾಲದೆ, ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು.