ತನ್ನ ಪರಿಚಯವನ್ನು ತಾನೇ ಹೇಳುವ ಪರಿಕರ: ಮಾಪನೋಪಕರಣಗಳಲ್ಲಿ ಸೀರಿಯಲ್ ಬಸ್ಸಿನ ಇತಿಹಾಸ

ಆಸಿಲೋಸ್ಕೋಪಿನ ಮುಂದೆ ಕುಳಿತವನು ಪ್ರೋಬಿನ ಹಿಡಿಯಲ್ಲಿರುವ ಚಿಕ್ಕ ಸ್ವಿಚ್ಚನ್ನು ಸಂಕೇತವನ್ನು ಹತ್ತನೆಯ ಒಂದು ಪಾಲಿಗೆ ತಗ್ಗಿಸುವ ಹತ್ತರ ಸ್ಥಾನಕ್ಕೆ ಸರಿಸಿ, ಆ ಸಂಗತಿಯನ್ನು ಉಪಕರಣಕ್ಕೆ ತಿಳಿಸಲು ಮರೆತನೆಂದರೆ, 5 ವೋಲ್ಟು ತೆರೆಯ ಮೇಲೆ ಅರ್ಧ ವೋಲ್ಟಾಗಿ ತೋರುವುದು. ಅಲೆಯ ಆಕಾರದಲ್ಲಾಗಲಿ ಆವರ್ತನದಲ್ಲಾಗಲಿ ಲೋಪವೇನೂ ಕಾಣದಿರುವುದರಿಂದ, ತಪ್ಪು ದಾಖಲೆಯ ಪುಸ್ತಕವನ್ನು ಸೇರಿದ ಮೇಲೂ ಪತ್ತೆಯಾಗುವುದು ದುರ್ಲಭ. ಇದನ್ನು ತಪ್ಪಿಸಲು ಕೈಗೊಂಡ ಸರಳೋಪಾಯವೆಂದರೆ ಪ್ರೋಬಿನ ಕನೆಕ್ಟರಿನಲ್ಲಿ ಒಂದು ರೆಸಿಸ್ಟರನ್ನು ಅಡಗಿಸಿ, ಅದರ ಬೆಲೆಯಿಂದ ಉಪಕರಣವು ಗುಣಕವನ್ನು ಊಹಿಸುವಂತೆ ಮಾಡಿದ್ದು. ಆದರೆ ರೆಸಿಸ್ಟರು ಒಂದೇ ಮಾತನ್ನು ಬಲ್ಲದು. ತನ್ನ ಕ್ರಮಸಂಖ್ಯೆಯನ್ನೋ ಸೂಕ್ಷ್ಮ ದೋಷಗಳನ್ನೋ ಅರುಹಲಾರದು.

ಉಪಕರಣಗಳು ಪರಸ್ಪರ ಸಂಭಾಷಿಸುವ ವಿದ್ಯೆಯೇನೋ ಸಿದ್ಧಿಸಿತ್ತು. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ರೂಪಿಸಿ, 1975ರಲ್ಲಿ ಐ.ಇ.ಇ.ಇ. 488 ಎಂಬ ಮಾನಕವಾಗಿ ಅಂಗೀಕೃತವಾದ ಸಮಾಂತರ ಬಸ್ಸು 16 ಸಂಕೇತ ತಂತಿಗಳಿಂದ 15 ಉಪಕರಣಗಳನ್ನು ಜೋಡಿಸಬಲ್ಲುದಾಗಿತ್ತು. ಪ್ರೋಬಿಗೋ ಹೆಬ್ಬೆರಳ ಗಾತ್ರದ ಸಂವೇದಕಕ್ಕೋ 24 ಪಿನ್ನುಗಳ ಆ ಕನೆಕ್ಟರನ್ನು ತೊಡಿಸುವುದು ಮಾತ್ರ ಅಸಾಧ್ಯ. ಅದೇ ಸಂಸ್ಥೆ 1981ರಲ್ಲಿ ಹೊರತಂದ ಎಚ್.ಪಿ.-ಐ.ಎಲ್. ಬಿಟ್ಟುಗಳನ್ನು ಒಂದರ ಹಿಂದೊಂದಾಗಿ ಸಾಗಿಸುವ, ಎಂದರೆ ಸೀರಿಯಲ್ ಆದ, ಎರಡೇ ತಂತಿಗಳ ವರ್ತುಲವಾಗಿದ್ದು, ಕಳುಹಿದ ಸಂದೇಶವು ಸುತ್ತು ಹಾಕಿ ಕಳುಹಿದವನ ಬಳಿಗೇ ಮರಳಿ ತನ್ನ ಶುದ್ಧತೆಯನ್ನು ತೋರಿಸಿಕೊಡುತ್ತಿತ್ತು.

1982ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆ ಯಂತ್ರವೊಂದರ ಒಳಗಿನ ಚಿಪ್ಪುಗಳನ್ನು ಬೆಸೆಯಲೆಂದು ಐ-ಸ್ಕ್ವೇರ್-ಸಿ ಬಸ್ಸನ್ನು ರಚಿಸಿತು: ದತ್ತಾಂಶಕ್ಕೊಂದು ತಂತಿ, ತಾಳಕ್ಕೊಂದು ತಂತಿ. ಆಸಿಲೋಸ್ಕೋಪು ತಯಾರಕರಾದ ಟೆಕ್ಟ್ರಾನಿಕ್ಸಿನ ಟೆಕ್‌ಪ್ರೋಬ್ ವ್ಯವಸ್ಥೆಯಲ್ಲಿಯೂ ಬಿ.ಎನ್.ಸಿ. ಕನೆಕ್ಟರಿನ ಪಕ್ಕದ ಪುಟ್ಟ ಸಂಪರ್ಕಬಿಂದುಗಳಲ್ಲಿ ಇಂಥದೇ ಜೋಡಿ ಕಾಣಬರುತ್ತದೆ. ಪ್ರೋಬಿನೊಳಗಿನ ಸ್ಮೃತಿಚಿಪ್ಪನ್ನು ಆಸಿಲೋಸ್ಕೋಪು ಆ ದಾರಿಯಿಂದಲೇ ಓದುತ್ತದೆ.

ಈ ಪರಂಪರೆಯಲ್ಲಿ ನನಗೆ ಅತ್ಯಂತ ಸುಂದರವೆಂದು ತೋರುವುದು 2004ರ ಐ.ಇ.ಇ.ಇ. 1451.4 ಮಾನಕ. ಕಂಪನವನ್ನಳೆಯುವ ಸಂವೇದಕಗಳಲ್ಲಿ ಮೊದಲಿನಿಂದಲೂ ಇರುವುದು ಎರಡೇ ತಂತಿಗಳು. ಒಳಗಿನ ವರ್ಧಕಕ್ಕೆ ವಿದ್ಯುತ್ತೂ ಅವುಗಳಲ್ಲೇ ಹೋಗಬೇಕು, ಸಂಕೇತವೂ ಅವುಗಳಲ್ಲೇ ಬರಬೇಕು. ಮೂರನೆಯ ತಂತಿಯನ್ನು ಸೇರಿಸಿದರೆ ಪ್ರಯೋಗಶಾಲೆಗಳಲ್ಲಿ ಹಾಸಿದ ಕೇಬಲ್ಲುಗಳೆಲ್ಲ ವ್ಯರ್ಥವಾಗುತ್ತಿದ್ದವು. ಆದುದರಿಂದ ಮಾನಕಕಾರರು ಮರಳುತಂತಿಯ ಹೊರತು ಒಂದೇ ತಂತಿ ಸಾಕಾಗುವ, ಡಲ್ಲಾಸ್ ಸೆಮಿಕಂಡಕ್ಟರಿನ ಒನ್-ವೈರ್ ಪದ್ಧತಿಯನ್ನು ಎತ್ತಿಕೊಂಡು, ವಿದ್ಯುತ್ತು ಎಂದಿನ ದಿಕ್ಕಿನಲ್ಲಿ ಹರಿದಾಗ ವರ್ಧಕವು ಕೆಲಸಮಾಡುವಂತೆಯೂ, ದಿಕ್ಕನ್ನು ತಿರುಗಿಸಿದೊಡನೆ ಡಯೋಡುಗಳು ವರ್ಧಕದ ಬಾಗಿಲು ಮುಚ್ಚಿ ಸ್ಮೃತಿಚಿಪ್ಪಿನ ಬಾಗಿಲು ತೆರೆಯುವಂತೆಯೂ ಏರ್ಪಡಿಸಿದರು. ಒಂದೇ ಹಾದಿಯಲ್ಲಿ ಒಮ್ಮೆ ಅಳತೆ, ಇನ್ನೊಮ್ಮೆ ಆತ್ಮಪರಿಚಯ! ಆ ಪರಿಚಯದ ಮೊದಲ ಭಾಗ 64 ಬಿಟ್ಟುಗಳಷ್ಟೆ: ತಯಾರಕನ ಗುರುತಿಗೆ 14, ಮಾದರಿಗೆ 15, ಆವೃತ್ತಿಯ ಅಕ್ಷರಕ್ಕೆ 5, ಆವೃತ್ತಿಯ ಸಂಖ್ಯೆಗೆ 6, ಕ್ರಮಸಂಖ್ಯೆಗೆ 24. ಇಷ್ಟರಿಂದಲೇ ಒಬ್ಬ ತಯಾರಕನ ಒಂದೇ ಮಾದರಿಯ ಒಂದೂವರೆ ಕೋಟಿಗೂ ಮಿಗಿಲಾದ ಸಂವೇದಕಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು. ಸಂವೇದನಶೀಲತೆ, ಕ್ಯಾಲಿಬ್ರೇಷನ್ನಿನ ದಿನಾಂಕ ಮೊದಲಾದ ವಿವರಗಳು ಅನಂತರ ಬರುತ್ತವೆ. ವಿಮಾನದ ರೆಕ್ಕೆಗೆ ನೂರಾರು ಸಂವೇದಕಗಳನ್ನು ಅಂಟಿಸಿ ಪರೀಕ್ಷಿಸುವವನಿಗೆ, ಯಾವ ಕೇಬಲ್ಲಿನ ಕೊನೆಯಲ್ಲಿ ಯಾವುದಿದೆಯೆಂದು ಕಾಗದದ ಪಟ್ಟಿ ಹಿಡಿದು ಹುಡುಕುವ ಶ್ರಮ ಇದರಿಂದ ನೀಗಿತು.

ಒನ್-ವೈರ್ ಸೆಕೆಂಡಿಗೆ ಸುಮಾರು 16,000 ಬಿಟ್ಟುಗಳನ್ನಷ್ಟೇ ಸಾಗಿಸುವ ನಿಧಾನಗಾಮಿ. ಆದರೂ ಪರಿಕರಗಳ ಲೋಕದಲ್ಲಿ ಅದು ಗೆದ್ದದ್ದು ವೇಗದಿಂದಲ್ಲ, ತಂತಿಗಳ ಮಿತವ್ಯಯದಿಂದ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಆದರೆ ಬಸ್ಸು ಸಾಗಿಸುವುದು ಸ್ಮೃತಿಯಲ್ಲಿ ಬರೆದಿಟ್ಟದ್ದನ್ನು ಮಾತ್ರ; ಹಳೆಯ ಸಂಖ್ಯೆ ಅಲ್ಲಿದ್ದರೆ ಹಳೆಯದನ್ನೇ ನಂಬಿಕೆಯಿಂದ ಓದಿ ಹೇಳುತ್ತದೆ. ಆದುದರಿಂದ ಸಂವೇದಕವನ್ನು ಮರಳಿ ಕ್ಯಾಲಿಬ್ರೇಟ್ ಮಾಡುವ ಪ್ರಯೋಗಶಾಲೆಯವರಲ್ಲಿ ನನ್ನ ವಿನಂತಿಯಿಷ್ಟೆ: ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಚಿಪ್ಪಿನೊಳಗಿನ ಸಂಖ್ಯೆಯನ್ನೂ ದಿನಾಂಕವನ್ನೂ ತಿದ್ದಿರಿ.